ಎರಡು ಗೆರೆಯ ಮೀನು

ಆ ಕಾರ್ಡು ಹೆಬ್ಬೆರಳಿನಷ್ಟು ಅಗಲವಿತ್ತು, ಅಷ್ಟೆ. ಮೀನುಮರಿಯ ಬಾಲದಿಂದ ಎಳ್ಳುಕಾಳಿನಷ್ಟು ಚೂರು ಕತ್ತರಿಸಿ, ಎರಡು ಹನಿ ದ್ರಾವಣದಲ್ಲಿ ಅರೆದು, ಕಾರ್ಡಿನ ತುದಿಗೆ ಬಿಟ್ಟರೆ ಹತ್ತು ನಿಮಿಷದಲ್ಲಿ ಕೆಂಪು ಗೆರೆ ಮೂಡುತ್ತಿತ್ತು. ಒಂದು ಗೆರೆ ಬಂದರೆ ಹೆಣ್ಣು, ಎರಡು ಬಂದರೆ ಗಂಡು.

ಅದನ್ನು ಮಾಡಿದವಳು ಕುಸುಮಾ ಹರಿಕಂತ್ರ. ಅಂಕೋಲೆಯ ಉತ್ತರಕ್ಕೆ, ಗುಡ್ಡ ಸಮುದ್ರಕ್ಕೆ ಇಳಿಯುವ ಜಾಗದಲ್ಲಿ ಕರಿಕಲ್ಲ ಎಂಬ ಪುಟ್ಟ ಬಂದರು. ಅಲ್ಲಿ ಸಮುದ್ರಮೀನಿನ ಮರಿ ಮಾಡಿ ಪಂಜರದ ಕೃಷಿಗೆ ಕೊಡುವ ಒಂದು ಕೇಂದ್ರವಿತ್ತು. ಊರವರು ಅದನ್ನು ಮರಿಮನೆ ಅನ್ನುತ್ತಿದ್ದರು. ಮೀನುಗಾರರ ಮನೆಯಲ್ಲೇ ಹುಟ್ಟಿ, ಮಂಗಳೂರಿನಲ್ಲಿ ಓದಿ, ಮರಿಮನೆಗೆ ವಿಜ್ಞಾನಿಯಾಗಿ ಬಂದ ಕುಸುಮಾಗೆ ಕಾರ್ಡು ಮಾಡಿದಾಗ ಮೂವತ್ತೆರಡು ವರ್ಷ. ಅವಳ ಗಂಡ ಉಮಾಕಾಂತ ಅದೇ ಬಂದರಿನ ಪಂಜರ ಸಂಘದ ಮುಖ್ಯಸ್ಥ. ದಡದಿಂದ ಮೂರು ಕಿಲೋಮೀಟರು ಒಳಗೆ, ಅಲೆಯ ಮೇಲೆ ತೇಲುವ ದುಂಡನೆಯ ನಲವತ್ತು ಬಲೆಪಂಜರಗಳು. ನಲವತ್ತು ಮನೆಗಳ ಅನ್ನ ಅವುಗಳಲ್ಲಿತ್ತು.

ಬೆಳೆಸುತ್ತಿದ್ದದ್ದು ಕೋಬಿಯಾ ಮೀನು. ಕಪ್ಪು ಬೆನ್ನು, ಚಪ್ಪಟೆ ತಲೆ. ಗಂಡು, ಹೆಣ್ಣು ನೋಡಲಿಕ್ಕೆ ಒಂದೇ ಥರ. ಆದರೆ ವರ್ಷದೊಳಗೆ ಹೆಣ್ಣು ಆರು ಕಿಲೋ ತೂಗಿದರೆ ಗಂಡು ಮೂರೂವರೆಯಲ್ಲೇ ನಿಲ್ಲುತ್ತಿತ್ತು. ಯಾವುದು ಯಾವುದೆಂದು ತಿಳಿಯುತ್ತಿದ್ದದ್ದು ಹೊಟ್ಟೆ ಸೀಳಿದ ಮೇಲೆ. ಕುಸುಮಾ ಆರು ವರ್ಷ ಕೂತು ಆ ಮೀನಿನ ವರ್ಣತಂತುಗಳನ್ನು ಓದಿದಳು. ಗಂಡಿನಲ್ಲಿ ಮಾತ್ರ ಇರುವ, ಹೆಣ್ಣಿನಲ್ಲಿ ಎಂದೂ ಕಾಣದ ಒಂದು ಪುಟ್ಟ ತುಣುಕನ್ನು ಕೊನೆಗೂ ಹುಡುಕಿದಳು. ಎರಡನೆಯ ಗೆರೆ ಆ ತುಣುಕಿನ ಗುರುತು.

ಮೊದಲ ಸಲ ಮರಿಗಳನ್ನು ಬೇರ್ಪಡಿಸಿದ ದಿನ ಮರಿಮನೆಯ ಅಂಗಳದಲ್ಲಿ ಊರಿನ ಇಪ್ಪತ್ತು ಹೆಂಗಸರು ಸಾಲಾಗಿ ಕೂತಿದ್ದರು. ಒಂದು ಗೆರೆಯ ಮರಿಗಳು ಪಂಜರಕ್ಕೆ ಹೋದವು. ಎರಡು ಗೆರೆಯವು ಲವಂಗದ ಎಣ್ಣೆ ಬೆರೆಸಿದ ಬಕೆಟ್ಟಿಗೆ. ಆ ನೀರಿನಲ್ಲಿ ಮರಿಗಳು ಎರಡು ಸುತ್ತು ಈಜಿ, ವಾಲಿ, ನಿದ್ದೆ ಬಂದಂತೆ ಮಲಗುತ್ತಿದ್ದವು. ಸಂಜೆ ಅವನ್ನು ತೆಂಗಿನ ಬುಡಕ್ಕೆ ಹಾಕಿದರು.

ಕುಸುಮಾಳ ಅತ್ತೆ ಹೊನ್ನಮ್ಮನೂ ಆ ಸಾಲಿನಲ್ಲಿದ್ದಳು. ಬಂದರಿನ ಕಟ್ಟೆಯಲ್ಲಿ ಮೀನು ಕೊಯ್ದುಕೊಡುವುದು ಅವಳ ಕೆಲಸ. ಮನೆಗೆ ಬಂದು ಕೈ ತೊಳೆಯುತ್ತ ಹೇಳಿದಳು: "ಆಸ್ಪತ್ರೆ ಗೋಡೆ ಮೇಲೆ ಬರೆದಿರ್ತಾರಲ್ಲ, ಹುಟ್ಟೋ ಮೊದಲು ಗಂಡೋ ಹೆಣ್ಣೋ ಕೇಳಬೇಡಿ ಅಂತ. ಮೀನಿಗೆ ಆ ಕಾಯ್ದೆ ಇಲ್ವಾ?"

"ಅದು ಮನುಷ್ಯರಿಗೆ, ಅತ್ತೆ."

"ಇರಲಿ. ಕೈ ಮಾತ್ರ ಲವಂಗದ ವಾಸನೆ ಬಿಡ್ತಾ ಇಲ್ಲ."

ಕುಸುಮಾ ತನ್ನ ಕೈ ಮೂಸಿದಳು. ಅವಳ ಕೈಯೂ ಹಾಗೇ ಇತ್ತು. ಆ ದಿನದಿಂದ ಅವಳು ಪಲಾವಿಗೆ ಲವಂಗ ಹಾಕುವುದನ್ನು ಬಿಟ್ಟಳು.

ಮುಂದಿನ ವರ್ಷ ಪಂಜರಗಳಿಂದ ಬಂದ ಮೀನು ನೋಡಲು ಕಾರವಾರದಿಂದ, ಮಲ್ಪೆಯಿಂದ ಜನ ಬಂದರು. ಹೆಂಚಿನ ಮನೆಗಳಿಗೆ ಮಹಡಿ ಬಂತು. ದೋಣಿಗೆ ಹೋಗಿ ಸೊಂಟ ಮುರಿದುಕೊಂಡಿದ್ದ ಗಂಡಸರು ಪಂಜರಕ್ಕೆ ತೀನಿ ಎರಚಿ ಮಧ್ಯಾಹ್ನಕ್ಕೆ ಮನೆ ಸೇರುವಂತಾಯಿತು. ಕಾರ್ಡು ಗುಜರಾತಿಗೆ ಹೋಯಿತು, ಕೇರಳಕ್ಕೆ ಹೋಯಿತು, ಹೊರದೇಶಗಳಿಗೂ ಹೋಯಿತು. ಎಲ್ಲ ಕಡೆ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತರು.

ನಾಲ್ಕನೆಯ ವರ್ಷ ಮರಿಮನೆಯ ನಿರ್ದೇಶಕ ಡಾಕ್ಟರ್ ಅನಂತ ರಾಯ್ಕರ್ ಕುಸುಮಾಳನ್ನು ತಮ್ಮ ಕೋಣೆಗೆ ಕರೆದರು. ಮೃದು ಮಾತಿನ, ಸದಾ ಚಪ್ಪಲಿ ಕಳಚಿ ಕೂರುವ ಮನುಷ್ಯ.

"ಕುಸುಮಾ, ಈ ಕೊಲ್ಲೋ ಕೆಲಸ ನಿಲ್ಲಿಸಬಹುದು. ಎರಡು ಗೆರೆಯ ಅಪ್ಪ ಇದ್ದರೆ ತಾನೆ ಎರಡು ಗೆರೆಯ ಮಕ್ಕಳು? ಅಪ್ಪನೂ ಒಂದೇ ಗೆರೆಯದ್ದಾದರೆ?"

"ಒಂದು ಗೆರೆಯದ್ದು ಹೆಣ್ಣಲ್ವಾ ಸರ್?"

"ಹೆಣ್ಣೇ. ಆದರೆ ಮರಿ ಇದ್ದಾಗ ನೀರು ತುಂಬ ಬಿಸಿಯಾದರೆ ಕೆಲವು ಹೆಣ್ಣು ಗಂಡಾಗಿ ಬೆಳೀತಾವೆ. ಕಳೆದ ಏಪ್ರಿಲ್ ತೊಟ್ಟಿಯಲ್ಲಿ ನೂರಕ್ಕೆ ಮೂರು ಹಾಗೆ ಆಗಿದ್ದವು, ನಾನೇ ಸೀಳಿ ನೋಡಿದೆ. ಹೊಟ್ಟೆಯಲ್ಲಿ ಗಂಡಿನ ವೀರ್ಯದ ಹಾಲು, ರಕ್ತ ಮಾತ್ರ ಹೆಣ್ಣಿನದು. ಅಂಥವನ್ನೇ ಅಪ್ಪ ಮಾಡಿದರೆ ಹುಟ್ಟೋದೆಲ್ಲ ಹೆಣ್ಣೇ. ಔಷಧ ಬೇಡ, ಬಕೆಟ್ ಬೇಡ."

ಕುಸುಮಾಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ವಾರವೇ ಒಪ್ಪಿಕೊಂಡಳು. ಬಿಸಿನೀರಿನಲ್ಲಿ ಎಲ್ಲಕ್ಕಿಂತ ಬೇಗ ಗಂಡಾದವುಗಳನ್ನು ಆರಿಸಿ ತಂದೆಮೀನಿನ ತೊಟ್ಟಿಗೆ ಬಿಟ್ಟಳು. ಅವುಗಳ ಮಕ್ಕಳಲ್ಲಿ ಬೇಗ ಗಂಡಾದವು ಮುಂದಿನ ತಂದೆಗಳಾದವು. ಹಳೆಯ ಎರಡು ಗೆರೆಯ ತಂದೆಮೀನುಗಳು ಒಂದೊಂದಾಗಿ ಸತ್ತವು. ಅವುಗಳ ಜಾಗಕ್ಕೆ ಇನ್ನೊಂದನ್ನು ತರುವ ಅಗತ್ಯ ಯಾರಿಗೂ ಕಾಣಲಿಲ್ಲ. ಬೇರೆ ಊರುಗಳ ಮರಿಮನೆಗಳೂ ಇದೇ ದಾರಿ ಹಿಡಿದವು.

ಆ ವರ್ಷಗಳಲ್ಲಿ ಮಳೆಗಾಲಕ್ಕೆ ಮುಂಚೆಯೂ ನಂತರವೂ ಚಂಡಮಾರುತ ಬರುವುದು ರೂಢಿಯಾಗಿತ್ತು. ಪ್ರತಿ ಸಲ ನಾಲ್ಕಾರು ಪಂಜರ ಹರಿಯುತ್ತಿದ್ದವು. ಸಾವಿರಾರು ಮೀನು ಸಮುದ್ರ ಸೇರುತ್ತಿದ್ದವು. "ಹೋಗ್ಲಿ, ಸಮುದ್ರದ್ದು ಸಮುದ್ರಕ್ಕೆ" ಅನ್ನುತ್ತಿದ್ದ ಉಮಾಕಾಂತ, ಹರಿದ ಬಲೆ ಹೊಲಿಯುತ್ತ. ಗುಜರಾತಿನಿಂದ ಕೇರಳದವರೆಗೆ ಎಲ್ಲ ಪಂಜರಗಳಿಂದಲೂ ಹೀಗೆ ಹೋದ ಮೀನು ಹೊರಗಿನ ಮೀನಿನ ಜೊತೆ ಕೂಡಿ ಮರಿ ಮಾಡುತ್ತಿತ್ತು.

ಕಾರ್ಡು ಬಂದು ಹದಿಮೂರನೆಯ ವರ್ಷ. ಅದಾಗಲೇ ಮೂರು ಬೇಸಿಗೆ ಒಂದರ ಹಿಂದೊಂದು ಕುದಿದಿದ್ದವು. ನವೆಂಬರಿನ ಒಂದು ಮಧ್ಯಾಹ್ನ ಹೊನ್ನಮ್ಮ ಕಟ್ಟೆಯಿಂದ ಮನೆಗೆ ಬಂದವಳು, ಕುಸುಮಾಳ ಮುಂದೆ ಸ್ಟೀಲಿನ ಡಬ್ಬಿ ಇಟ್ಟು ಮುಚ್ಚಳ ತೆಗೆದಳು.

"ಇವತ್ತು ಹದಿನೇಳು ಮೀನು ಕೊಯ್ದೆ. ನಮ್ಮ ಪಂಜರದ್ದೇ. ಒಂದ್ರಲ್ಲೂ ತತ್ತಿ ಇಲ್ಲ."

"ಇನ್ನೂ ಬಲಿತಿರಲಿಕ್ಕಿಲ್ಲ ಅತ್ತೆ."

"ಬಲಿತಿಲ್ಲ ಅಂದ್ರೆ ಹೊಟ್ಟೆ ಖಾಲಿ ಇರಬೇಕಿತ್ತು. ಇದೆಂತಾ, ನೋಡು."

ಡಬ್ಬಿಯಲ್ಲಿ ಬೆಳ್ಳಗಿನ, ನುಣುಪಾದ ಎರಡು ಉದ್ದನೆಯ ಗಡ್ಡೆ. ಕುಸುಮಾ ಬೆರಳಿಂದ ಒತ್ತಿದಳು. ಹಾಲು ಜಿನುಗಿತು.

ಊಟ ಬಿಟ್ಟು ಎದ್ದು ಬಂದರಿಗೆ ಹೋದಳು. ಕಟ್ಟೆಯ ಪಕ್ಕ ಎಸೆದಿದ್ದ ಬಾಲಗಳನ್ನು ಆರಿಸಿ ಒಂದೊಂದಕ್ಕೂ ಕಾರ್ಡು ಹಚ್ಚಿದಳು. ಎಲ್ಲದಕ್ಕೂ ಒಂದೇ ಗೆರೆ. ಪಂಜರದಿಂದ ಜೀವಂತ ಮೀನು ತರಿಸಿದಳು. ಕಾರ್ಡು ಹೆಣ್ಣು ಅಂದಿತು. ಹೊನ್ನಮ್ಮ ಕಾಲಲ್ಲಿ ಅದುಮಿ ಹಿಡಿದ ಮೆಟ್ಟುಗತ್ತಿಯ ಮೇಲೆ ಹೊಟ್ಟೆ ಸೀಳಿದಳು: ಗಂಡು. ಇನ್ನೊಂದು. ಅದೂ ಗಂಡು. ಹನ್ನೊಂದನೆಯದಕ್ಕೆ ಹೊನ್ನಮ್ಮನೇ ಕತ್ತಿಯಿಂದ ಕಾಲು ತೆಗೆದಳು.

"ಸಾಕು ಮಗಾ. ಇನ್ನು ಕೊಯ್ದು ಎಂತ ಪ್ರಯೋಜನ?"

ಮರಿಮನೆಯಲ್ಲಿ ಉತ್ತರ ಸಿಗಲು ಐದು ತಿಂಗಳು ಹಿಡಿಯಿತು. ಎಂಟು ತೊಟ್ಟಿಗಳಲ್ಲಿ ಎಂಟು ಬಗೆಯ ಉಷ್ಣತೆ ಇಟ್ಟು ಮರಿ ಬೆಳೆಸಿದರು. ಹತ್ತು ವರ್ಷದ ಹಿಂದೆ ಮೂವತ್ತೆರಡು ಡಿಗ್ರಿ ದಾಟಿದಾಗ ಮಾತ್ರ, ಅದೂ ನೂರಕ್ಕೆ ಮೂರು ಹೆಣ್ಣು ಗಂಡಾಗುತ್ತಿದ್ದವು. ಈಗ ಮೂವತ್ತರಲ್ಲಿ ಎಲ್ಲವೂ. ಇಪ್ಪತ್ತೆಂಟರಲ್ಲಿ ಎಲ್ಲವೂ. ಇಪ್ಪತ್ತಾರರಲ್ಲೂ ಎಲ್ಲವೂ. ಇಪ್ಪತ್ತನಾಲ್ಕು ಡಿಗ್ರಿಯ ತೊಟ್ಟಿಯಲ್ಲಿ ಮರಿಗಳು ಮೂರನೆಯ ದಿನ ತಳಕ್ಕಿಳಿದು ಸತ್ತವು.

ಕುಸುಮಾ ಲೆಕ್ಕ ಬರೆದು ತಂದ ಕಾಗದವನ್ನು ರಾಯ್ಕರ್ ಮೇಜಿನ ಮೇಲೆ ಹರಡಿದರು.

"ಬೇಗ ಗಂಡಾಗೋದನ್ನೇ ಆರಿಸಿ ಆರಿಸಿ ಅಪ್ಪ ಮಾಡಿದೆವು," ಅಂದಳು ಕುಸುಮಾ. "ಆ ಗುಣಾನೇ ಬೆಳೆಸಿದೆವು ಸರ್. ಈಗ ಅವು ಹೆಣ್ಣಾಗಿ ಉಳಿಯುವಷ್ಟು ತಣ್ಣಗಿನ ನೀರಿನಲ್ಲಿ ಬದುಕೋದಿಲ್ಲ. ಬದುಕುವ ನೀರಿನಲ್ಲಿ ಹೆಣ್ಣಾಗಿ ಉಳಿಯೋದಿಲ್ಲ."

"ಹಾರ್ಮೋನು ಕೊಟ್ಟು ಹೆಣ್ಣು ಮಾಡೋಣ."

ಮಾಡಿದರು. ತತ್ತಿಯೇನೋ ಕಟ್ಟಿತು, ಆದರೆ ಒಂದೂ ಒಡೆಯಲಿಲ್ಲ. ಹೊರಗಿನಿಂದ ತರೋಣವೆಂದು ಬೇರೆ ರಾಜ್ಯಗಳಿಗೆ, ದೇಶಗಳಿಗೆ ಬರೆದರು. ಬಂದ ಉತ್ತರಗಳಲ್ಲಿ ಉತ್ತರಕ್ಕಿಂತ ಪ್ರಶ್ನೆಯೇ ಹೆಚ್ಚಿತ್ತು. ಅವರೂ ಆಗಷ್ಟೇ ಹೊಟ್ಟೆ ಸೀಳಿ ನೋಡಿದ್ದರು.

ಉಳಿದದ್ದು ಒಂದೇ ದಾರಿ. ಪಂಜರದ ಮೀನಿನ ನೆರಳು ತಾಗದ, ತೆರೆದ ಸಮುದ್ರದ ಹಳೆಯ ವಂಶದ ಗಂಡು ಎಲ್ಲಾದರೂ ಉಳಿದಿರಬೇಕು. ಎರಡು ಗೆರೆಯದ್ದು. ಅದರ ರಕ್ತ ಸೇರಿದರೆ ಮರಿಗಳಿಗೆ ಬೆಚ್ಚಗಿನ ನೀರಿನಲ್ಲೂ ಹೆಣ್ಣಾಗಿಯೇ ಉಳಿಯುವ ಗುಣ ತಿರುಗಿ ಬಂದೀತು.

ದೋಣಿ ದೋಣಿಗೂ ಕಾರ್ಡಿನ ಪೆಟ್ಟಿಗೆ ಕೊಟ್ಟರು. ಕಾರವಾರದಿಂದ ಭಟ್ಕಳದವರೆಗೆ, ಕೋಬಿಯಾ ಬಲೆಗೆ ಬಿದ್ದರೆ ಮೊದಲು ಬಾಲ ಕತ್ತರಿಸಿ ಗೆರೆ ನೋಡಬೇಕು. ಮೊದಲ ಕೆಲವು ತಿಂಗಳು ಉತ್ಸಾಹವಿತ್ತು. ಫೋನಿನಲ್ಲಿ ಕಾರ್ಡಿನ ಚಿತ್ರಗಳು ಬರುತ್ತಿದ್ದವು: ಒಂದು ಗೆರೆ, ಒಂದು ಗೆರೆ, ಒಂದು ಗೆರೆ. ಆಮೇಲೆ ಮೀನೇ ಸಿಗುವುದು ಅಪರೂಪವಾಯಿತು.

ಪಂಜರಗಳು ಬರಿದಾದವು. ಕೆಲವರು ಹಸಿರು ಕಲ್ಲಗವೆಂಬ ಚಿಪ್ಪುಜೀವಿಯನ್ನು ಹಗ್ಗಕ್ಕೆ ಕಟ್ಟಿ ಬೆಳೆಸಿದರು, ಬಿಸಿನೀರಿಗೆ ಅದೂ ಬಾಯಿ ತೆರೆದು ಸತ್ತಿತು. ಕೆಲವರು ಗೋವೆಯ ಹಡಗುಕಟ್ಟೆಗೆ ಬಣ್ಣ ಬಳಿಯಲು ಹೋದರು. ಮೀನಂಗಡಿಯಲ್ಲಿ ಕುಸುಮಾ ಎದುರಾದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಗಂಜಿ ಉಣ್ಣುತ್ತ ಉಮಾಕಾಂತ ಕೇಳಿದ: "ತೆಂಗಿನ ಬುಡಕ್ಕೆ ಹಾಕಿದ್ವಲ್ಲ ಗಂಡುಮರಿ... ಅವುಗಳಲ್ಲಿ ಒಂದು ಹತ್ತನ್ನ ಒಂದು ತೊಟ್ಟಿಯಲ್ಲಿ ಇಟ್ಟಿದ್ರೂ ಸಾಕಿತ್ತಲ್ಲ?"

"ಸಾಕಿತ್ತು."

"ಆಗ ಅನಿಸಲಿಲ್ವಾ?"

"ಇಲ್ಲ," ಅಂದಳು ಕುಸುಮಾ. "ಕೊಲ್ಲೋದು ನಿಂತಿತಲ್ಲ ಅಂತ ಅಷ್ಟೇ ಅನಿಸಿತ್ತು."

ಉಮಾಕಾಂತ ತಟ್ಟೆ ಎತ್ತಿಕೊಂಡು ಹೋಗಿ ತಾನೇ ತೊಳೆದಿಟ್ಟ. ಆ ಮಧ್ಯಾಹ್ನವೇ ಸಂಘದ ದೊಡ್ಡ ದೋಣಿಗೆ ಡೀಸೆಲ್ ತುಂಬಿಸಿದ. ಅಲ್ಲಿಂದ ಮುಂದೆ ಅವನು ಮನೆಯಲ್ಲಿ ಇದ್ದದ್ದು ಕಡಿಮೆ. ದೂರದ ದ್ವೀಪಗಳ ಬಂಡೆಗಳ ಸುತ್ತ, ಮುಳುಗಿದ ಹಡಗುಗಳ ಮೇಲೆ, ಗಾಳದ ದಾರ ಇಳಿಸಿಕೊಂಡು ಕೂರುತ್ತಿದ್ದ. ಜೊತೆಗೆ ಯಾರೂ ಬಾರದ ದಿನ ಒಬ್ಬನೇ ಹೋಗುತ್ತಿದ್ದ. ಎರಡು ವರ್ಷ ಹೀಗೆ ಕಳೆಯಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕುಸುಮಾಳ ಫೋನಿಗೆ ಒಂದು ಚಿತ್ರ ಬಂತು. ಉಮಾಕಾಂತನ ಒರಟು ಬೆರಳು, ಅದರ ನಡುವೆ ಕಾರ್ಡು. ಎರಡು ಗೆರೆ.

ಅವಳು ಕರೆ ಮಾಡಿದಳು. ಎಂಜಿನ್ ಸದ್ದಿನ ನಡುವೆ ಅವನ ಸ್ವರ ಕೇಳಿತು: "ಜೀವ ಅದೆ. ಇಪ್ಪತ್ತು ಕಿಲೋ ಮೇಲಿರಬೇಕು, ಮುದಿಯ. ತುಟಿಗೆ ಮಾತ್ರ ಗಾಳ ಕಚ್ಚಿದ್ದು. ನೀರಿಗೆ ಎಂತ ಮಾಡಲಿ?"

"ಬದಲಿಸ್ತಾ ಇರಿ. ನಿಲ್ಲಿಸಬೇಡಿ. ಬಿಸಿಲು ತಾಗಿಸಬೇಡಿ."

ಒಂಬತ್ತು ತಾಸು ಉಮಾಕಾಂತ ಮತ್ತು ಚುಕ್ಕಾಣಿಯವನು ಸರದಿಯಲ್ಲಿ ಬಕೆಟ್ಟಿನಿಂದ ನೀರು ಎತ್ತಿ ಹೊಯ್ದರು. ಸಂಜೆ ಬಂದರಿಗೆ ಬಂದಾಗ ಉಮಾಕಾಂತನ ಅಂಗೈ ಸುಲಿದಿತ್ತು. ಊರೆಲ್ಲ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತಿತ್ತು. ನಾಲ್ಕು ಜನ ಒದ್ದೆ ಜೋಲಿಯಲ್ಲಿ ಮೀನನ್ನು ಎತ್ತಿಕೊಂಡು ಓಡಿದರು. ತೊಟ್ಟಿಗೆ ಬಿಟ್ಟಾಗ ಅದು ಒಂದು ಕ್ಷಣ ಅಡ್ಡ ಬಿದ್ದಿತು, ಆಮೇಲೆ ಬಾಲ ಬೀಸಿ ಮುಂದೆ ಹೋಯಿತು. ಹೊನ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರಿಮನೆಯಲ್ಲಿ ಒಂದೇ ಒಂದು ತಾಯಿಮೀನು ಉಳಿದಿತ್ತು. ಎಂಟು ವರ್ಷದ್ದು, ಆರಿಸಿದ ತಂದೆಗಳ ವಂಶದ್ದೇ; ಒಂದು ಕಣ್ಣು ಮಂಜಾಗಿತ್ತು. ಬೇರೆ ಕಡೆ ಉಳಿದಿದ್ದ ಐದಾರು ತಾಯಿಮೀನುಗಳು ಹಿಂದಿನ ಬೇಸಿಗೆಯಲ್ಲೇ ಸತ್ತಿದ್ದವು. ಕುಸುಮಾ ತಿಂಗಳಿಡೀ ಅದರ ಪಕ್ಕ ಇದ್ದಳು. ಏಪ್ರಿಲಿನಲ್ಲಿ ತಾಯಿಮೀನು ತತ್ತಿ ಬಿಟ್ಟಿತು. ಹಳೆಯ ದಿನಗಳ ಹತ್ತರಲ್ಲಿ ಒಂದು ಪಾಲೂ ಅಲ್ಲ. ಮೂರನೆಯ ವಾರಕ್ಕೆ ನಾನ್ನೂರ ಹತ್ತು ಮರಿ ಉಳಿದವು.

ಅವು ಬೆರಳುದ್ದ ಬೆಳೆದಾಗ ಬಾಲ ಕತ್ತರಿಸಿ ನೋಡಿದರು. ಇನ್ನೂರಾ ಎರಡಕ್ಕೆ ಎರಡು ಗೆರೆ, ಇನ್ನೂರಾ ಎಂಟಕ್ಕೆ ಒಂದು. ಹೆಚ್ಚುಕಡಿಮೆ ಅರ್ಧರ್ಧ, ಪ್ರಕೃತಿ ಇಟ್ಟ ಹಾಗೆ. ರಾಯ್ಕರ್ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಬರಿಗಾಲಲ್ಲಿ ಅವುಗಳ ಸುತ್ತ ಎರಡು ಸಲ ನಡೆದರು. "ಇನ್ನೂರಾ ಎಂಟು ಹೆಣ್ಣು ಸಾಕು ಕುಸುಮಾ. ಒಂದು ಸಮುದ್ರಕ್ಕೆ ಸಾಕು," ಅಂದರು. ಕುಸುಮಾ ಮರಿತೊಟ್ಟಿಯ ನೀರನ್ನು, ಮರಿಗಳು ಸಾಯದಿರುವ ಅತಿ ಕೆಳಗಿನ ಮಟ್ಟ, ಇಪ್ಪತ್ತೈದೂವರೆ ಡಿಗ್ರಿಯಲ್ಲಿಟ್ಟಿದ್ದಳು. ಕರೆಂಟು ಹೋದರೆ ಐಸ್ ಫ್ಯಾಕ್ಟರಿಯಿಂದ ಮಂಜುಗಡ್ಡೆ ತರಲು ಊರವರು ಸರದಿ ಹಚ್ಚಿಕೊಂಡರು. ಗೋವೆಗೆ ಹೋದವರಲ್ಲಿ ಇಬ್ಬರು ಹಿಂದಿರುಗಿ ಬಂದು ಪಂಜರದ ಪೈಪುಗಳ ಪಾಚಿ ಕೆರೆಯತೊಡಗಿದರು.

ಗಂಡೋ ಹೆಣ್ಣೋ ಎಂಬುದು ಒಳಗೆ ಗಟ್ಟಿಯಾಗಲು ನಾಲ್ಕು ತಿಂಗಳು ಬೇಕು. ಆಗಸ್ಟಿನ ಒಂದು ಮಧ್ಯಾಹ್ನ ಕುಸುಮಾ ಒಂದು ಗೆರೆಯ ಮೂರು ಮರಿ ತೆಗೆದು ಸೀಳಿದಳು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಳು. ಇನ್ನೂ ಐದು ತೆಗೆದಳು. ಆಮೇಲೆ ಎದ್ದು ಬಾಗಿಲು ಹಾಕಿಕೊಂಡು ಇನ್ನೂ ಇಪ್ಪತ್ತು.

ಉಮಾಕಾಂತ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಅವಳು ಬಂದು ಪಕ್ಕದಲ್ಲಿ ಕೂತಳು.

"ಎಲ್ಲ ಗಂಡು."

"ಎರಡು ಗೆರೆಯದ್ದಾ?"

"ಒಂದು ಗೆರೆಯದ್ದೂ."

"ಅಪ್ಪ ಹಳೇ ರಕ್ತದ್ದಲ್ವಾ? ಅದು ತಡೀಬೇಕಿತ್ತಲ್ಲ?"

"ಅರ್ಧ ತಡೀತದೆ. ಅಮ್ಮನ ಕಡೆಯಿಂದ ಬಂದ ಅರ್ಧ ಸಾಕಾಯ್ತು. ಈ ಮಕ್ಕಳಲ್ಲಿ ಒಂದಾದರೂ ಹೆಣ್ಣಾಗಿದ್ದಿದ್ದರೆ, ಅದನ್ನ ಆ ಮುದಿಯನ ಜೊತೆ ಬಿಟ್ಟಿದ್ದರೆ, ಮೊಮ್ಮಕ್ಕಳ ಹೊತ್ತಿಗೆ ಸರಿಯಾಗ್ತಿತ್ತೇನೋ. ಆ ಒಂದು ಇಲ್ಲ."

"ಉಳಿದವನ್ನೂ ನೋಡು. ನೂರಾ ಎಂಬತ್ತು ಅದೆ ಇನ್ನೂ."

ಅವಳು ನೋಡಿದಳು. ಸೀಳದೆ, ಎರಡು ವರ್ಷ ಸಾಕಿ, ಒಂದೊಂದರ ಹೊಟ್ಟೆಯನ್ನೂ ತೆಳು ಕೊಳವೆಯಿಂದ ಪರೀಕ್ಷಿಸಿದಳು. ಕೊನೆಯ ಮೀನಿನವರೆಗೆ ಬಂದದ್ದು ಹಾಲೇ. ಅಷ್ಟರಲ್ಲಿ ತಾಯಿಮೀನು ಮತ್ತೆ ತತ್ತಿ ಬಿಡದೆಯೇ ಸತ್ತಿತ್ತು. ಒಂದು ಮಳೆಗಾಲದ ಬೆಳಿಗ್ಗೆ, ಯಾವ ರೋಗವೂ ಇಲ್ಲದೆ, ನೀರಿನ ಮೇಲೆ ಬೆಳ್ಳಗೆ ತೇಲುತ್ತಿತ್ತು.

ಮೇಲಿನವರಿಗೆ ವರದಿ ಕಳಿಸಬೇಕಾಗಿತ್ತು. ನಿವೃತ್ತಿಗೆ ನಾಲ್ಕು ತಿಂಗಳಿದ್ದ ರಾಯ್ಕರ್ ಅವಳು ಬರೆದದ್ದನ್ನು ಓದಿ, "ಕೊನೆಯಲ್ಲಿ 'ಪ್ರಯತ್ನ ಮುಂದುವರಿದಿದೆ' ಅಂತ ಒಂದು ಸಾಲು ಸೇರಿಸು," ಅಂದರು.

"ಯಾವ ಪ್ರಯತ್ನ ಸರ್?"

ಅವರು ಪೆನ್ನು ತೆಗೆದುಕೊಂಡು ತಾವೇ ಸೇರಿಸಿದರು. ಸಹಿ ಹಾಕಿ, ಆ ಸಾಲಿನ ಮೇಲೆ ಅಂಗೈ ಮುಚ್ಚಿಟ್ಟು ಕೂತರು. ತಪ್ಪು ತನ್ನೊಬ್ಬಳದೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದವಳಿಗೆ ಅವರ ಮೇಲೆ ಕನಿಕರವಾಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಉಮಾಕಾಂತ ಪಂಜರಗಳನ್ನು ದಡಕ್ಕೆ ಎಳೆಸಿ, ಪೈಪುಗಳನ್ನು ಗರಗಸದಿಂದ ತುಂಡು ಮಾಡಿಸಿದ. ಯಾರೋ ತೋಟದ ನೀರಿಗೆಂದು ಒಯ್ದರು. ಅವನು ಮಲ್ಪೆಯ ಒಂದು ದೋಣಿಯಲ್ಲಿ ಕೆಲಸಕ್ಕೆ ಸೇರಿದ. ಸಣ್ಣ ಮೀನು ಹಿಡಿದು ಮೀನುಹಿಟ್ಟಿನ ಕಾರ್ಖಾನೆಗೆ ಹಾಕುವ ದೋಣಿ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಉಂಡು ಮಲಗುತ್ತಿದ್ದ. ಕೋಬಿಯಾದ ಸುದ್ದಿ ಅವನೂ ಎತ್ತುತ್ತಿರಲಿಲ್ಲ, ಅವಳೂ ಎತ್ತುತ್ತಿರಲಿಲ್ಲ.

ಮರಿಮನೆಯಲ್ಲಿ ಆ ಮುದಿ ಗಂಡುಮೀನು ಮಾತ್ರ ಇತ್ತು. ಅದರ ಗಂಡುಮಕ್ಕಳನ್ನು ಸಮುದ್ರಕ್ಕೆ ಬಿಟ್ಟಾಗಿತ್ತು. ಅದನ್ನು ಇಟ್ಟುಕೊಳ್ಳಿ ಎಂದು ಮೇಲಿನಿಂದ ಆದೇಶವಿತ್ತು, ಏತಕ್ಕೆ ಎಂದು ಬರೆದಿರಲಿಲ್ಲ. ಕುಸುಮಾ ದಿನಕ್ಕೆರಡು ಸಲ ಬೂತಾಯಿ ಮೀನು ಕತ್ತರಿಸಿ ಹಾಕುತ್ತಿದ್ದಳು.

ಮಾರ್ಚ್ ಕಳೆಯುತ್ತ ಬಂದಂತೆ ಹಗಲು ಉದ್ದವಾಯಿತು, ನೀರು ಬೆಚ್ಚಗಾಯಿತು. ಒಂದು ಬೆಳಿಗ್ಗೆ ಅವಳು ಬಂದು ನೋಡಿದರೆ ಮೀನಿನ ಪಕ್ಕೆಯ ಮಬ್ಬು ಪಟ್ಟೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಹೆಣ್ಣಿನ ಬೆನ್ನು ಹತ್ತುವ ಕಾಲದಲ್ಲಿ ಗಂಡು ತೊಡುವ ಬಣ್ಣ ಅದು. ತೊಟ್ಟಿಯ ಅಂಚಿಗೆ ಮೈ ಉಜ್ಜುತ್ತ ಸುತ್ತು ಹೊಡೆಯುತ್ತಿತ್ತು. ತೀನಿ ಮುಟ್ಟಲಿಲ್ಲ. ಅವಳ ಕೈಯ ನೆರಳು ನೀರಿನ ಮೇಲೆ ಬಿದ್ದಾಗ ತಿರುಗಿ ಆ ನೆರಳಿನ ಪಕ್ಕಕ್ಕೆ ಬಂದು, ಅದರ ಜೊತೆಗೇ ಈಜಿತು. ಅವಳು ಕೈ ಹಿಂದೆಳೆದುಕೊಂಡಳು. ಮೀನು ಅಲ್ಲೇ ನಿಂತು, ಮತ್ತೆ ಸುತ್ತತೊಡಗಿತು. ಮೂರು ದಿನ ಹಾಗೇ ಸುತ್ತಿತು. ಪಕ್ಕೆ ಉಜ್ಜಿ ಉಜ್ಜಿ ಚರ್ಮ ಕಿತ್ತು ಬಂತು.

ನಾಲ್ಕನೆಯ ದಿನ ಹೊನ್ನಮ್ಮ ಊಟದ ಡಬ್ಬಿ ತಂದಾಗ ಕುಸುಮಾ ಸ್ಟೂಲಿನ ಮೇಲೆ ನಿಂತು ತೊಟ್ಟಿಗೆ ಕಪ್ಪು ತಾಡಪಾಲು ಕಟ್ಟುತ್ತಿದ್ದಳು. ನೀರು ತಣ್ಣಗಿಡುವ ಯಂತ್ರ ಗುಂಯ್ ಎನ್ನುತ್ತಿತ್ತು.

"ಇದೆಂತಕೆ, ಹಗಲಲ್ಲೇ ಕತ್ತಲೆ ಮಾಡೂದು?"

"ಬೆಳಕು, ಬಿಸಿ ಎರಡೂ ಕಡಿಮೆಯಾದರೆ ಅದಕ್ಕೆ ಡಿಸೆಂಬರ್ ಅನಿಸ್ತದೆ ಅತ್ತೆ. ಹುಡುಕೋದು ನಿಲ್ಲಿಸ್ತದೆ."

"ಎಷ್ಟು ದಿನ?"

"ಅದು ಇರುವಷ್ಟು ದಿನ."

ಹೊನ್ನಮ್ಮ ತೊಟ್ಟಿಯೊಳಗೆ ಬಗ್ಗಿ ನೋಡಿದಳು. ಬೆಳ್ಳನೆಯ ಪಟ್ಟೆ ಕಣ್ಣ ಮುಂದೆ ಹಾದುಹೋಯಿತು, ಸುತ್ತಿ ಬಂತು, ಮತ್ತೆ ಹಾದುಹೋಯಿತು. ಅವಳು ಡಬ್ಬಿ ನೆಲಕ್ಕಿಟ್ಟು, ಸೀರೆ ಎತ್ತಿ ಕಟ್ಟಿಕೊಂಡು, ತಾಡಪಾಲಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ತೊಟ್ಟಿಯ ಮೇಲೆ ಎಳೆದು, ಬೆಳಕು ನುಸುಳುವ ಜಾಗಗಳಿಗೆ ಇಟ್ಟಿಗೆ ಇಡುತ್ತ ಬಂದರು.